ಕಾರು ರಿಪೇರಿ: ಶೋರೂಮೋ, ನಮ್ಮೂರ ಗ್ಯಾರೇಜೋ?

ಮನೆಗೆ ಕಾರು ಬಂದ ದಿನ ಪೂಜೆ ಮಾಡಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಓಣಿಗೆಲ್ಲ ಪೇಢೆ ಹಂಚುತ್ತೇವೆ. ಸರ್ವಿಸ್ ಬಿಲ್ಲಿನ ಕತೆ ಶುರುವಾಗುವುದು ಆಮೇಲೆ. 'ಶೋರೂಮಿನವ್ರು ಭಾಳ ರೊಕ್ಕ ತಗೋತಾರ' ಅಂತ ಮೈದುನ, 'ಗ್ಯಾರೇಜಿಗೆ ಕೊಟ್ರ ಗಾಡಿ ಹಾಳಾಗ್ತದ' ಅಂತ ಯಜಮಾನರು. ಈ ವಾದದಲ್ಲಿ ನಮ್ಮನ್ನು ಕೇಳುವವರಿಲ್ಲ. ಆದರೆ ಬಿಲ್ಲು ಕಟ್ಟಿದ ತಿಂಗಳು ಕಿರಾಣಿ ಚೀಟಿ ಸಣ್ಣದು ಮಾಡುವವರು ನಾವೇ, ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವರೂ ನಾವೇ. ಅಂದ ಮೇಲೆ ಇದು ನಮ್ಮ ಮಾತೂ ಹೌದು.

ದುಮ್ಮವಾಡದಂಥ ಊರಿನವರಿಗೆ ಇದು ಬರೀ ಬಿಲ್ಲಿನ ಲೆಕ್ಕವಲ್ಲ. ಕಂಪನಿ ಸರ್ವಿಸ್ ಬೇಕೆಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು. ಬೆಳಿಗ್ಗೆ ಬಿಟ್ಟ ಗಾಡಿ ಕೈಗೆ ಸಿಗುವಾಗ ಸಂಜೆ. ಒಂದು ದಿನದ ಕೆಲಸ ಕೆಟ್ಟಿತು, ಪೆಟ್ರೋಲು, ಊಟದ ಖರ್ಚು ಬೇರೆ. ಕಲಘಟಗಿಯ ಗ್ಯಾರೇಜಾದರೆ ಸಂತೆಗೆ ಹೋದಾಗಲೇ ಕೆಲಸ ಮುಗಿದೀತು. ಗುರುತಿನ ಮಿಸ್ತ್ರಿ ಇದ್ದರೆ ಹಾದಿಯಲ್ಲಿ ಗಾಡಿ ನಿಂತಾಗ ಒಂದು ಫೋನಿಗೆ ಬರುತ್ತಾನೆ.

ಹಾಗಾದರೆ ಯಾವುದು ಸರಿ? ಗಾಡಿಯ ವಯಸ್ಸು ನೋಡಿ, ಕೆಲಸ ನೋಡಿ, ಆಮೇಲೆ ತೀರ್ಮಾನಿಸಿ.

ವಾರಂಟಿ ಇರುವ ತನಕ ಕಂಪನಿಯ ಸರ್ವಿಸ್ ಸೆಂಟರೇ ಸರಿ. ಮಾರುತಿ ಸುಜುಕಿ 2024ರ ಜುಲೈನಲ್ಲಿ ತನ್ನ ಕಾರುಗಳ ವಾರಂಟಿಯನ್ನು 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಅಷ್ಟು ಕಾಲ ದೊಡ್ಡ ದೋಷ ಬಂದರೆ ಖರ್ಚು ಅವರದು. ಆದರೆ 'ಫ್ರೀ ಸರ್ವಿಸ್' ಎಂದರೆ ಸಾಮಾನ್ಯವಾಗಿ ಕೂಲಿ ಮಾತ್ರ ಫ್ರೀ, ಆಯಿಲ್, ಫಿಲ್ಟರಿಗೆ ರೊಕ್ಕ ಕೊಡಲೇಬೇಕು. 'ಹೊರಗೆ ಕೈ ಹಚ್ಚಿಸಿದ್ರ ವಾರಂಟಿ ಹೋಗ್ತದ' ಎಂದು ಹೆದರಿಸುವವರೂ ಉಂಟು. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿದಾಗ, ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಮಾಡಬಾರದು, ಬಿಡಿಭಾಗಗಳು ಹೊರಗಿನ ಗ್ಯಾರೇಜಿಗೂ ಸಿಗಬೇಕು ಎಂದಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಈ ಜಗಳ ನಮಗ್ಯಾಕೆ ಬೇಕು? ವಾರಂಟಿ ಮುಗಿಯುವ ತನಕ ಒಂದೂ ಸರ್ವಿಸ್ ತಪ್ಪಿಸದಿದ್ದರೆ ಆಯಿತು.

ವಾರಂಟಿ ಮುಗಿದ ಮೇಲೆ ಆಯಿಲ್ ಬದಲಿ, ಫಿಲ್ಟರ್, ಬ್ರೇಕ್ ಪ್ಯಾಡ್, ಬ್ಯಾಟರಿ, ಕ್ಲಚ್‌ನಂಥ ಕೆಲಸಕ್ಕೆ ಕೈ ಪಳಗಿದ ಮಿಸ್ತ್ರಿ ಸಾಕು. ನಮ್ಮ ಹೊಲದ ಹಾದಿಯ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ ಎಂಬುದು ಅವನಿಗೇ ಚೆನ್ನಾಗಿ ಗೊತ್ತು. ಆದರೆ ಏರ್‌ಬ್ಯಾಗ್, ಎಬಿಎಸ್ ಬ್ರೇಕಿನ ಕಂಪ್ಯೂಟರ್ ದೋಷ, ಎಲೆಕ್ಟ್ರಿಕ್ ಗಾಡಿಯ ದೊಡ್ಡ ಬ್ಯಾಟರಿ, ಇವನ್ನು ಅಂದಾಜಿನ ಮೇಲೆ ಬಿಚ್ಚುವುದು ಜೀವದ ಜತೆ ಆಟ. ಅಲ್ಲಿ ಉಳಿತಾಯ ನೋಡಬೇಡಿ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇನ್ನೊಂದು ಮಾತು ಗಮನಿಸಬೇಕು. 2023ರ ಜನವರಿಯಲ್ಲಿ ಮಾರುತಿ ಸುಜುಕಿ ಏರ್‌ಬ್ಯಾಗ್ ಕಂಟ್ರೋಲರ್ ಪರೀಕ್ಷಿಸಲು 17,362 ಕಾರುಗಳನ್ನು ವಾಪಸು ಕರೆಯಿತು. ದೋಷವಿದ್ದರೆ ಬದಲಿಸಿ ಕೊಡುವುದು ಪುಕ್ಕಟೆ. ಇಂಥ ಸುದ್ದಿ ಕಂಪನಿಯಲ್ಲಿರುವ ಫೋನ್ ನಂಬರಿಗೆ ಬರುತ್ತದೆ. ಅಲ್ಲಿ ಹಳೇ ಮಾಲೀಕರ ನಂಬರೇ ಇದ್ದರೆ ನಮಗೆ ತಿಳಿಯುವುದು ಹೇಗೆ? ಸರ್ವಿಸ್ ಎಲ್ಲೇ ಮಾಡಿಸಿರಿ, ನಂಬರು ಮಾತ್ರ ಬದಲಿಸಿಡಿ.

ಇನ್ನು ಕೌಂಟರಿನ ಮಾತು. ನಾವೊಬ್ಬರೇ ಗಾಡಿ ಒಯ್ದರೆ 'ಸರ್ ಬರ್ಲಿ ಮೇಡಂ, ಅವ್ರಿಗೇ ಹೇಳ್ತೀವಿ' ಎನ್ನುತ್ತಾರೆ. ಇಲ್ಲವೇ ಹೆಣ್ಣುಮಗಳಿಗೇನು ತಿಳಿದೀತು ಎಂದು ಎಸಿ ಕ್ಲೀನಿಂಗ್, ಇಂಜಿನ್ ಕ್ಲೀನಿಂಗ್ ಎಂದು ನಾಲ್ಕು ಸಾಲು ಹೆಚ್ಚು ಬರೆಯುತ್ತಾರೆ. ಗ್ಯಾರೇಜಿನಲ್ಲಿ 'ನೋಡಿ ಕೊಡ್ರಿ ಅಕ್ಕಾರ' ಎಂಬ ಮಾತಿಗೂ ಬೆಲೆ ತೆರಬೇಕಾಗುತ್ತದೆ. ಇಂಜಿನ್ ಶಾಸ್ತ್ರ ಕಲಿಯದಿದ್ದರೂ ನಡೆಯುತ್ತದೆ. ಸೀರೆ ಅಂಗಡಿಯಲ್ಲಿ ಕೇಳುವ ಹಾಗೆ ಇಲ್ಲಿಯೂ ಕೇಳಿದರೆ ಸಾಕು.

ಇವಿಷ್ಟು ನೆನಪಿಡಿ:

* ಗಾಡಿ ಬಿಡುವ ಮುನ್ನ ಅಂದಾಜು ಖರ್ಚು ಬರೆಸಿಕೊಳ್ಳಿ. ಜಾಬ್ ಕಾರ್ಡ್ ಓದದೆ ಸಹಿ ಮಾಡಬೇಡಿ, ಬೇಡದ್ದನ್ನು ಹೊಡೆಸಿಹಾಕಿ.
* ಹೆಚ್ಚಿನ ಕೆಲಸ ಬಂದರೆ 'ಫೋನ್ ಮಾಡಿ ಕೇಳಿ, ಆಮೇಲೆ ಬಿಚ್ಚಿ' ಎಂದು ಹೇಳಿಡಿ.
* ರೊಕ್ಕ ಕೊಟ್ಟು ಬದಲಿಸಿದ ಭಾಗವಾದರೆ ಹಳೆಯದನ್ನು ಕೇಳಿ ನೋಡಿ.
* ಮಿಸ್ತ್ರಿಗೆ ಕೊಡುವ ಪಾರ್ಟ್ ಅನ್ನು ಕಂಪನಿಯ ಅಧಿಕೃತ ಅಂಗಡಿಯಲ್ಲಿ ನೀವೇ ಬಿಲ್ ಹಾಕಿಸಿ ತನ್ನಿ. ಕೂಲಿಗೂ ಚೀಟಿ ಕೇಳಿ.
* ಅಪಘಾತವಾದರೆ ರಿಪೇರಿಗೆ ಮುನ್ನ ವಿಮೆ ಕಂಪನಿಗೆ ತಿಳಿಸಿ. ಅವರ ಪಟ್ಟಿಯಲ್ಲಿಲ್ಲದ ಗ್ಯಾರೇಜಾದರೆ ಮೊದಲು ನೀವು ಕಟ್ಟಿ ಆಮೇಲೆ ಪಡೆಯಬೇಕಾದೀತು.

ಮೋಸವಾಯಿತು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಶೋರೂಮಾಗಲಿ, ಗ್ಯಾರೇಜಾಗಲಿ, ಬಿಲ್ಲಿಲ್ಲದೆ ವಾದಿಸುವುದು ಕಷ್ಟ.

ಅದಕ್ಕೇ ಹೇಳುವುದು, ಗಾಡಿಯ ಫೈಲು ನಮ್ಮ ಕಪಾಟಿನಲ್ಲಿರಲಿ. ಯಾವ ತಾರೀಖು, ಎಷ್ಟು ಕಿ.ಮೀ., ಏನು ಬದಲಿಸಿದರು, ಎಷ್ಟು ಕೊಟ್ಟೆವು ಎಂದು ಹಾಲಿನ ಲೆಕ್ಕದಂತೆ ಬರೆದಿಡಿ. ವರ್ಷ ಕಳೆಯುವುದರೊಳಗೆ ಶೋರೂಮೋ ಗ್ಯಾರೇಜೋ ಎಂಬ ಪ್ರಶ್ನೆಗೆ ನಿಮ್ಮ ಪುಸ್ತಕವೇ ಉತ್ತರ ಹೇಳುತ್ತದೆ. ಆಗ ಮನೆಯ ವಾದದಲ್ಲಿ ನಿಮ್ಮನ್ನೂ ಕೇಳಲೇಬೇಕಾಗುತ್ತದೆ, ನೋಡ್ರಿ.