ಫಾರ್ಮ್ಯಾಟ್ ಆಮೇಲೆ, ಮೊದಲು ಮೆನು ತೋರಿಸಿ

ಮೊಳಕಾಲ್ಮೂರಿನ ಮಗ್ಗದಲ್ಲಿ ಎಳೆ ಕಡಿದರೆ ನೇಕಾರರು ಸೀರೆಯನ್ನೇ ಕಿತ್ತೆಸೆಯುವುದಿಲ್ಲ. ಕಡಿದ ಎಳೆ ಹುಡುಕಿ ಗಂಟು ಹಾಕುತ್ತಾರೆ. ನಮ್ಮ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಿಗೆ ಮಾತ್ರ ಗೊತ್ತಿರುವುದು ಒಂದೇ ಮದ್ದು: 'ಫಾರ್ಮ್ಯಾಟ್ ಹೊಡೀಬೇಕು ಸಾರ್.'

ಕಳೆದ ಬೇಸಿಗೆ ಚಳ್ಳಕೆರೆಯಲ್ಲಿ ಕರೆಂಟ್ ಹೋದಾಗ ನಮ್ಮಲ್ಲೊಬ್ಬರ ಹಳೇ ಲ್ಯಾಪ್‌ಟಾಪ್ ಆಫ್ ಆಯಿತು. ಬ್ಯಾಟರಿ ಎಂದೋ ಸತ್ತಿತ್ತು. ಮತ್ತೆ ಆನ್ ಮಾಡಿದರೆ ಉಬುಂಟು ಏಳಲಿಲ್ಲ, ಬರೀ ಕಪ್ಪು ಪರದೆ. ಅಂಗಡಿಯವರು ಕೇಳದೆಯೇ ಫಾರ್ಮ್ಯಾಟ್ ಹೊಡೆದರು. ಎರಡು ವರ್ಷದ ಫೋಟೊ, ಆರ್‌ಟಿಐ ಉತ್ತರಗಳ ಸ್ಕ್ಯಾನ್, ಶೇಂಗಾ ಬೆಳೆಗಾರರ ಮಾತಿನ ಆಡಿಯೊ ಎಲ್ಲವೂ ಹೋಯಿತು. ಸುದ್ದಿಗಿಷ್ಟು ಎಂದು ದುಡಿಯುವ ಸ್ಟ್ರಿಂಜರ್‌ಗೆ ಇರುವ ಆಸ್ತಿಯೇ ಅದು. ಬ್ಯಾಕಪ್ ಇಡದಿದ್ದುದು ನಮ್ಮ ತಪ್ಪು, ಒಪ್ಪುತ್ತೇವೆ. ಆದರೆ ಅಳಿಸಿದ್ದು ನಾವಲ್ಲ.

ಲಿನಕ್ಸ್ ಏಳುವ ಮುನ್ನ ಗ್ರಬ್ ಎಂಬ ಬೂಟ್‌ಲೋಡರ್ ಓಡುತ್ತದೆ. ಯಾವ ಕರ್ನಲ್ ಎಬ್ಬಿಸಬೇಕೆಂದು ತೀರ್ಮಾನಿಸುವುದು ಅದೇ. ಯಂತ್ರದಲ್ಲಿ ಉಬುಂಟು ಒಂದೇ ಇದ್ದರೆ ಅದರ ಮೆನು ಸಾಮಾನ್ಯವಾಗಿ ಬಚ್ಚಿಟ್ಟುಕೊಂಡಿರುತ್ತದೆ. ಹಳೇ ಬಯಾಸ್ ಯಂತ್ರವಾದರೆ ಆನ್ ಮಾಡಿದೊಡನೆ ಶಿಫ್ಟ್ ಒತ್ತಿ ಹಿಡಿಯಿರಿ. ಯುಇಎಫ್‌ಐ ಆದರೆ ಕಂಪನಿಯ ಲೋಗೊ ಹೋಗುತ್ತಿದ್ದಂತೆ ಎಸ್ಕೇಪ್ ಒಮ್ಮೆ ಒತ್ತಿ. ಮೆನು ಬಂದರೆ 'ಅಡ್ವಾನ್ಸ್ಡ್ ಆಪ್ಷನ್ಸ್'ಗೆ ಹೋಗಿ ಹಳೇ ಕರ್ನಲ್ ಆರಿಸಿ. ಆಗದಿದ್ದರೆ ಲೈವ್ ಉಬುಂಟು ಇರುವ ಪೆನ್‌ಡ್ರೈವ್ ಹಾಕಿ, 'ಇನ್‌ಸ್ಟಾಲ್' ಬಿಟ್ಟು 'ಟ್ರೈ' ಆರಿಸಿ ಕಡತಗಳನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳಿ. ಆಮೇಲೆ ರಿಕವರಿ ಮೋಡ್‌ನಲ್ಲಿ ಎಫ್‌ಎಸ್‌ಸಿಕೆ ಓಡಿಸಿ. ಕರೆಂಟ್ ಹೋಗಿ ಕೆಟ್ಟ ಫೈಲ್ ಸಿಸ್ಟಂ ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

'ಇದೆಲ್ಲ ಹಳ್ಳಿಯವರಿಗೆ ಎಲ್ಲಿ ಬರುತ್ತೆ' ಎನ್ನುವವರಿದ್ದಾರೆ. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಸರ್ಕಾರಿ ಶಾಲೆಯಲ್ಲೇ ಲಿನಕ್ಸ್ ಮೇಲೆ ಕಂಪ್ಯೂಟರ್ ಕಲಿಯುತ್ತಾರೆ. ಅವರಿಗೆ ಬಂದದ್ದು ನಮಗೆ ಬಾರದೇ? ಐಐಎಸ್‌ಸಿ, ಡಿಆರ್‌ಡಿಒ, ಇಸ್ರೊಗಳಿಗೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಕೊಟ್ಟು 'ವಿಜ್ಞಾನ ನಗರಿ' ಎಂದು ಬೀಗುವ ತಾಲ್ಲೂಕಿನಲ್ಲಿ ಒಂದು ಕೀ ಒತ್ತುವುದನ್ನು ಹೇಳಿಕೊಡುವವರಿಲ್ಲ ಎಂದರೆ ನಾಚಿಕೆಗೇಡು.

ಅಂಗಡಿಯವರಲ್ಲಿ ನಮ್ಮ ಬೇಡಿಕೆ ಎರಡೇ. ಗಿರಾಕಿಯ ಒಪ್ಪಿಗೆ ಇಲ್ಲದೆ ಡಿಸ್ಕ್ ಅಳಿಸಬೇಡಿ. ಉಬುಂಟು ಹಾಕಿಕೊಡುವಾಗಲೇ ಗ್ರಬ್ ಸೆಟ್ಟಿಂಗ್ ಬದಲಿಸಿ, ಮೆನು ಪ್ರತಿ ಸಲ 5 ಸೆಕೆಂಡ್ ಕಾಣುವಂತೆ ಮಾಡಿ. ಓದುಗರೇ, ನೀವೂ ಯಂತ್ರ ಕೊಡುವ ಮುನ್ನ ಕೇಳಿ: 'ಗ್ರಬ್ ಮೆನು ನೋಡಿದಿರಾ?' ಉತ್ತರ ಬರದಿದ್ದರೆ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಎದ್ದು ಬನ್ನಿ.