ಕಲೆ ತೆಗೆಯುವುದೂ ಒಂದು ಕಲೆ

ಮನೆಗೆ ಮಗು ಬಂತೆಂದರೆ ಎತ್ತಿಕೊಳ್ಳಲು ಹತ್ತು ಕೈ ಮುಂದೆ ಬರುತ್ತವೆ. ಅದೇ ಮಗು ಕಕ್ಕ ಮಾಡಿದರೆ ಒಂಬತ್ತು ಕೈ ಹಿಂದೆ ಸರಿಯುತ್ತವೆ. ಉಳಿಯುವ ಆ ಒಂದು ಕೈ ಅಮ್ಮನದೋ ಅಜ್ಜಿಯದೋ ಆಗಿರುತ್ತದೆ.

ಅಕ್ಕ ಬಾಣಂತನಕ್ಕೆ ಬಂದು ಮೂರು ತಿಂಗಳಾಯಿತು. ಸಿಸೇರಿಯನ್ ಆಗಿದ್ದರಿಂದ ಅವಳು ಬಗ್ಗಿ ಬಟ್ಟೆ ಒಗೆಯುವಂತಿರಲಿಲ್ಲ. ಅಮ್ಮನಿಗೆ ಮಂಡಿನೋವು. ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುವವನು ನಾನು. ಹಾಗಾಗಿ ಲಂಗೋಟಿ, ಕುಲಾವಿ, ಮಗುವನ್ನು ಸುತ್ತುವ ಬಟ್ಟೆಗಳ ಬಕೆಟ್ ನನ್ನ ಪಾಲಿಗೆ ಬಂತು. ‘ಅಷ್ಟೆಲ್ಲಾ ಓದಿ ಈ ಕೆಲಸ ಮಾಡ್ತಿದ್ದೀಯಲ್ಲಪ್ಪಾ’ ಎಂದು ಪಕ್ಕದ ಮನೆಯವರು ಮರುಕಪಟ್ಟರು. ಓದಿದ್ದು ಬಳಕೆಗೆ ಬರುತ್ತಿರುವುದೇ ಇಲ್ಲಿ ಎಂಬುದು ನನ್ನ ವಾದ.

ಕಲೆ ಕಂಡ ಕೂಡಲೇ ಕುದಿಯುವ ನೀರು ಸುರಿಯುವವರು ಬಹಳ. ಆದರೆ ಮಗು ಕಕ್ಕಿದ ಹಾಲಿನಲ್ಲೂ ಕಕ್ಕದಲ್ಲೂ ಪ್ರೋಟೀನ್ ಇರುತ್ತದೆ. ಬಿಸಿಗೆ ಮೊಟ್ಟೆ ಗಟ್ಟಿಯಾಗುವಂತೆ ಅದೂ ಗಟ್ಟಿಯಾಗಿ ನೂಲಿಗೆ ಅಂಟಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಬೇಕು. ಆಮೇಲೆ ಎನ್‌ಜೈಮ್ ಇರುವ ಡಿಟರ್ಜೆಂಟ್‌ನಲ್ಲಿ ಅರ್ಧ ಗಂಟೆ ನೆನೆಹಾಕಬೇಕು. ಪ್ರೋಟೀನನ್ನು ತುಂಡರಿಸುವುದು ಒಂದು ಎನ್‌ಜೈಮ್, ರಾಗಿ ಸರಿಯ ಪಿಷ್ಟವನ್ನು ಕರಗಿಸುವುದು ಇನ್ನೊಂದು.

ಹರಳೆಣ್ಣೆ, ಕೊಬ್ಬರಿ ಎಣ್ಣೆಯ ಜಿಡ್ಡಿಗೆ ತಣ್ಣೀರು ಸಾಲದು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ತೊಳೆಯಬೇಕು. ಅರಿಶಿನದ ಕಲೆ ಸೋಪು ತಾಗಿದರೆ ಕೆಂಪಾಗುತ್ತದೆ. ಗಾಬರಿ ಬೇಡ, ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುವುದನ್ನು ಹೈಸ್ಕೂಲ್ ಲ್ಯಾಬಿನಲ್ಲೇ ನೋಡಿದ್ದೇವೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ಬಣ್ಣ ಮಾಸುತ್ತದೆ.

ಎಳೆ ಮಗುವಿನ ಕಕ್ಕದ ಹಳದಿಗೂ ಬಿಸಿಲೇ ಮದ್ದು. ಅದರಲ್ಲಿರುವ ಬಿಲಿರುಬಿನ್ ಬೆಳಕಿಗೆ ಬದಲಾಗಿಬಿಡುತ್ತದೆ. ಕಾಮಾಲೆಯಾದ ಹಸುಗೂಸನ್ನು ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿಸುವುದೂ ಇದೇ ಕಾರಣಕ್ಕೆ. ಅಮ್ಮನಿಗೆ ಬಿಲಿರುಬಿನ್ ಗೊತ್ತಿಲ್ಲ. ‘ಒದ್ದೆ ಇರುವಾಗಲೇ ಬಿಸಿಲಿಗೆ ಹಾಕೋ, ಹೋಗುತ್ತೆ’ ಎಂದು ಮಾತ್ರ ಗೊತ್ತು. ನನ್ನ ಪಠ್ಯ ಅವಳ ಮಾತಿಗೆ ವಿವರಣೆ ಕೊಟ್ಟಿತು, ಅಷ್ಟೇ.

ಒಂದು ಎಚ್ಚರಿಕೆ: ಉಚ್ಚೆ ಬಟ್ಟೆಯನ್ನು ಜಾಲಿಸದೆ ಬ್ಲೀಚ್‌ಗೆ ಹಾಕಬಾರದು. ಉಚ್ಚೆಯ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ. ಬ್ಲೀಚ್‌ಗೆ ವಿನೆಗರ್, ನಿಂಬೆರಸ ಬೆರೆಸುವುದೂ ಅಷ್ಟೇ ಅಪಾಯ.

ಇಷ್ಟೆಲ್ಲಾ ಬುದ್ಧಿ ಬೇಡುವ ಕೆಲಸವನ್ನು ‘ಹೆಂಗಸರ ಕೆಲಸ’ ಎಂದು ಬದಿಗಿಟ್ಟಿದ್ದೇವೆ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97 ನಿಮಿಷ. ಅದೂ ಕೈಹಾಕುವ ಪುರುಷರ ಲೆಕ್ಕ ಮಾತ್ರ. ಹಾಗೆ ಕೈಹಾಕುವವರೇ ನೂರಕ್ಕೆ 26 ಮಂದಿ.

ಓದಿಗೆ ತೊಂದರೆಯಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಬಟ್ಟೆ ನೆನೆಯುವ ಅರ್ಧ ಗಂಟೆಯಲ್ಲಿ ಪ್ರಚಲಿತ ವಿದ್ಯಮಾನ ಓದಿ ಮುಗಿಯುತ್ತದೆ. ಮೊಬೈಲು ತಿನ್ನುವಷ್ಟು ಹೊತ್ತನ್ನು ಈ ಬಕೆಟ್ ತಿನ್ನುವುದಿಲ್ಲ. ಡೈಪರ್ ಇದೆಯಲ್ಲಾ ಎನ್ನುವವರೂ ಇದ್ದಾರೆ. ದಿನವಿಡೀ ಡೈಪರ್ ಕೊಳ್ಳುವ ಶಕ್ತಿ ಎಲ್ಲ ಮನೆಗಳಿಗಿಲ್ಲ. ಕೊಂಡರೂ ಕಕ್ಕಿದ ಹಾಲಿಗೆ ಡೈಪರ್ ಅಡ್ಡ ಬರುವುದಿಲ್ಲ.

ನನ್ನ ಚಿಂತೆ ಬೇರೆ. ಕೆಲಸ ಸಿಗುವವರೆಗೆ ಮಾತ್ರ ನಾವು ಬಟ್ಟೆ ಒಗೆದರೆ, ಇದು ಕೆಲಸವಿಲ್ಲದವರ ಕೆಲಸ ಎಂದು ನಾವೇ ಒಪ್ಪಿಕೊಂಡಂತೆ. ನೇಮಕಾತಿ ಪತ್ರ ಕೈಗೆ ಬಂದ ಮರುದಿನವೂ ಬಕೆಟ್ ಎತ್ತಿಕೊಂಡರೆ ಆಗ ಅಕ್ಕ-ಅಮ್ಮಂದಿರ ದುಡಿಮೆಗೆ ನಾವು ನಿಜಕ್ಕೂ ಬೆಲೆ ಕೊಟ್ಟಂತೆ.