ಸಿಡಿಲಿಗೆ ಟಿವಿ ಸುಟ್ಟರೆ ಹೊಣೆ ಯಾರದು?

ಏಪ್ರಿಲ್ ಬಂದರೆ ಸಾಕು, ಸಿಡಿಲಿನ ಬಗ್ಗೆ ಅದೇ ಸಲಹೆ: ಪ್ಲಗ್ ಕಿತ್ತಿಡಿ. ಸಲಹೆ ಸರಿಯೇ. ಸ್ವಿಚ್ ಆಫ್ ಮಾಡಿದರೆ ಸಾಲಲ್ಲ, ಅದರೊಳಗಿನ ಕೆಲವೇ ಮಿಲಿಮೀಟರ್ ಅಂತರ ಸಿಡಿಲಿಗೆ ಲೆಕ್ಕಕ್ಕೇ ಇಲ್ಲ. ಡಿಶ್ ಕೇಬಲ್ಲನ್ನೂ ಕೀಳಬೇಕು, ಅದೂ ಗುಡುಗು ಹತ್ತಿರ ಬರುವ ಮೊದಲೇ. ಆದರೆ ಮನೆಯವರೆಲ್ಲ ಕೆಲಸಕ್ಕೆ ಹೋಗಿದ್ದಾಗ, ಮಧ್ಯಾಹ್ನ ಮೂರಕ್ಕೆ ಮೋಡ ಕವಿದರೆ ಫ್ರಿಜ್ಜಿನ ಪ್ಲಗ್ ಕೀಳೋರು ಯಾರು?

ನನ್ನ ತಕರಾರು ಇರೋದು ಹೊಣೆಯನ್ನೆಲ್ಲ ಮನೆಯವರ ತಲೆಗೆ ಕಟ್ಟುವುದರ ಬಗ್ಗೆ. ಸಿಡಿಲು ಮನೆಗೇ ಬಡಿಯಬೇಕಿಲ್ಲ. ದೂರದ ಕಂಬಕ್ಕೆ ಬಡಿದರೂ ತಂತಿಯಲ್ಲಿ ಸಾವಿರಾರು ವೋಲ್ಟ್ ಎದ್ದು ಒಳಗೆ ನುಗ್ಗುತ್ತೆ. ಆ ತಂತಿ ಎಸ್ಕಾಂಗಳದ್ದು. ಅದನ್ನು ತಡೆಯಲೆಂದೇ ಟಿಸಿ ಮೇಲೆ ಲೈಟ್ನಿಂಗ್ ಅರೆಸ್ಟರ್ ಇರುತ್ತೆ, ಆದರೆ ಕೆಳಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಮಲೆನಾಡಿನ ಜಂಬಿಟ್ಟಿಗೆ ನೆಲದಲ್ಲಿ ವಿದ್ಯುತ್ ಸುಲಭವಾಗಿ ಇಳಿಯೋದಿಲ್ಲ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದ ಮೇಲಂತೂ ಕೇಳೋದೇ ಬೇಡ. ಸಿಡಿಲು ಜೋರಾಗೋದೂ ಆಗಲೇ, ಮುಂಗಾರಿಗೆ ಮುಂಚೆ.

ಸುಟ್ಟ ಮೇಲೆ ಎಲ್ಲರೂ ಕೈತೊಳೆದುಕೊಳ್ತಾರೆ. ವಾರಂಟಿಯಲ್ಲಿ ಸಾಮಾನ್ಯವಾಗಿ ಸಿಡಿಲು ಬರೋದಿಲ್ಲ. ವಿದ್ಯುತ್ ಕಂಪನಿಗೆ ಅದು ಪ್ರಕೃತಿ ವಿಕೋಪ. ಹೋಗಲಿ, ವಿಮೆ? 2021ರಲ್ಲಿ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಸಿಡಿಲಿಗೆ ರಕ್ಷಣೆ ಇದೆ. ಆದರೆ ಷರತ್ತುಗಳನ್ನು ಓದಿ: ಅತಿ ಒತ್ತಡ, ಶಾರ್ಟ್ ಸರ್ಕ್ಯೂಟ್, ವಿದ್ಯುತ್ ಸೋರಿಕೆಯಿಂದ ವಿದ್ಯುತ್ ಉಪಕರಣ ಹಾಳಾದರೆ ಪರಿಹಾರವಿಲ್ಲ, ಅದಕ್ಕೆ ಕಾರಣ ಸಿಡಿಲೇ ಆಗಿದ್ದರೂ! ಗೋಡೆ ಬಿರುಕುಬಿಟ್ಟರೆ ದುಡ್ಡು ಕೇಳಬಹುದು, ತಂತಿಯಲ್ಲಿ ಬಂದು ಟಿವಿ ಸುಟ್ಟರೆ ಇಲ್ಲ.

ಮೇನ್ ಬೋರ್ಡಿನಲ್ಲಿ ಎಸ್‌ಪಿಡಿ, ಅಂದರೆ ಸರ್ಜ್ ತಡೆಯುವ ಸಾಧನ ಹಾಕಿಸಬಹುದು. ಎಂಸಿಬಿ ಈ ಕೆಲಸ ಮಾಡಲ್ಲ, ಸಿಡಿಲಿನ ವೇಗಕ್ಕೆ ಅದು ತೀರಾ ನಿಧಾನ. ಆದರೆ ಎಸ್‌ಪಿಡಿ ಕೂಡ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕಿಳಿಸಬೇಕು. ಅರ್ಥಿಂಗ್ ಇಲ್ಲದ ಬಾಡಿಗೆ ಮನೆಯಲ್ಲಿ ಅದು ಬರೀ ಅಲಂಕಾರ. ಓನರ್ ಒಪ್ಪದೆ ನೆಲ ಅಗೆಸೋದು ಹೇಗೆ? ಊರಲ್ಲೇ ಕೂತು ಲ್ಯಾಪ್‌ಟಾಪ್ ನಂಬಿ ದುಡಿಯೋರಿಗೆ ಇದು ಸಂಬಳದ ಪ್ರಶ್ನೆ.

ಹಾಗಾಗಿ ಕೇಳಬೇಕಾದ್ದು ಎಸ್ಕಾಂಗಳನ್ನು. ಪ್ರತಿ ಟಿಸಿಯ ಅರ್ಥಿಂಗನ್ನು ಮಾರ್ಚ್ ಒಳಗೆ ಅಳೆದು ಫಲಿತಾಂಶ ಪ್ರಕಟಿಸಲಿ. ವಿದ್ಯುತ್ ದರ ಏರಿಕೆಗೆ ಕೆಇಆರ್‌ಸಿ ಸಾರ್ವಜನಿಕ ವಿಚಾರಣೆ ನಡೆಸುತ್ತಲ್ಲ, ಅಲ್ಲಿ ಈ ಆಕ್ಷೇಪಣೆಯನ್ನೂ ಸಲ್ಲಿಸಬಹುದು. ಅದಕ್ಕೂ ಮುಂಚೆ, ನಿಮ್ಮ ಬೀದಿಯ ಟಿಸಿಯ ಅರ್ಥಿಂಗ್ ಕೊನೆಯ ಸಲ ಅಳೆದದ್ದು ಯಾವಾಗ, ಎಷ್ಟು ಓಮ್ ಬಂತು ಅಂತ ಕೇಳೋಕೆ 10 ರೂಪಾಯಿಯ ಆರ್‌ಟಿಐ ಅರ್ಜಿ ಸಾಕು.